ಸುರವರಂ ಅವರ ಹೈದರಾಬಾದಿನಲ್ಲಿ

ಕಾಚೀಗುಡ ನಿಲ್ದಾಣದಲ್ಲಿಳಿದು, ಬಿಸಿಲೇರುವ ಮುನ್ನವೇ ಸುಲ್ತಾನ್ ಬಜಾರಿನ ಇಕ್ಕಟ್ಟಾದ ಬೀದಿಗಳನ್ನು ಹಾದು ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವನ್ನು ಸೇರಿದೆನು. ನಿಜಾಮರ ರಾಜಧಾನಿಯಲ್ಲಿ ಉರ್ದುವೇ ಆಡಳಿತಭಾಷೆಯಾಗಿದ್ದ 1901ರಲ್ಲಿ ತೆಲುಗರು ಸ್ಥಾಪಿಸಿದ ಈ ಗ್ರಂಥಾಲಯವು ನಮ್ಮ ಹಂಪೆಯ ಅರಸನ ಹೆಸರನ್ನು ಹೊತ್ತಿರುವುದರಿಂದ, ಪರಸ್ಥಳಕ್ಕೆ ಬಂದೆನೆಂಬ ಭಾವವು ನನ್ನಲ್ಲಿ ಉಳಿಯಲಿಲ್ಲ.

ನಾನು ಬಂದದ್ದು ಸುರವರಂ ಪ್ರತಾಪರೆಡ್ಡಿಯವರ ಗ್ರಂಥಗಳನ್ನು ನೋಡುವುದಕ್ಕಾಗಿ. ಕೃಷ್ಣಾ ತುಂಗಭದ್ರೆಗಳ ನಡುವಣ, ನಮ್ಮ ರಾಯಚೂರಿನ ನೆರೆಯ ಗದ್ವಾಲ ಸೀಮೆಯಲ್ಲಿ 1896ರಲ್ಲಿ ಜನಿಸಿ, ಮದರಾಸಿನಲ್ಲಿ ನ್ಯಾಯಶಾಸ್ತ್ರವನ್ನೋದಿ, ಈ ನಗರದಲ್ಲಿ ನೆಲೆಸಿದ ಆ ಮಹನೀಯರು ವಕೀಲಿಯೊಂದರಲ್ಲಿಯೇ ಮನಸ್ಸಿಟ್ಟಿದ್ದರೆ ಸುಖವಾಗಿ ಬಾಳಬಹುದಾಗಿತ್ತು. ಆದರೆ 1926ರಲ್ಲಿ ‘ಗೋಲಕೊಂಡ ಪತ್ರಿಕ’ಯನ್ನು ಆರಂಭಿಸಿ, ತಮ್ಮ ಆಯುಸ್ಸಿನ ಸಾರವನ್ನು ಅದಕ್ಕೆ ಧಾರೆಯೆರೆದರು. ತೆಲಂಗಾಣದಲ್ಲಿ ಕವಿಗಳೇ ಇಲ್ಲವೆಂಬ ಆಕ್ಷೇಪವು ಕಿವಿಗೆ ಬಿದ್ದಾಗ, ಕೋಪದ ಮಾತುಗಳಿಂದ ತೃಪ್ತರಾಗದೆ, ವಕೀಲರಿಗೊಪ್ಪುವಂತೆ ಸಾಕ್ಷಿಗಳನ್ನೇ ಕರೆತಂದರು: 1934ರ ‘ಗೋಲಕೊಂಡ ಕವುಲ ಸಂಚಿಕ’ಯಲ್ಲಿ ನಿಂತವರು 354 ಮಂದಿ ಕವಿಗಳು!

ವಾಚನಾಲಯದ ಉದ್ದನೆಯ ಮೇಜಿನ ಬಳಿ ಕುಳಿತು, ಅಕ್ಷರಕ್ಕಕ್ಷರ ಕೂಡಿಸಿಕೊಳ್ಳುತ್ತ ಓದಿದ್ದು ಅವರ 1949ರ ‘ಆಂಧ್ರುಲ ಸಾಂಘಿಕ ಚರಿತ್ರ’ವನ್ನು. ಅರಸರ ಯುದ್ಧಗಳನ್ನು ಹಿಂದಿಕ್ಕಿ, ಜನರು ಏನನ್ನುಂಡರು, ಏನನ್ನುಟ್ಟರು, ಯಾವ ಆಟಗಳನ್ನಾಡಿದರು, ಯಾವುದನ್ನು ನಂಬಿದರು ಎಂಬುದನ್ನು ಪ್ರಾಚೀನ ಕಾವ್ಯಗಳಿಂದಲೇ ಹೆಕ್ಕಿ ತೆಗೆದ ಗ್ರಂಥವಿದು. ಅವರ ಸಾಕ್ಷಿಗಳಲ್ಲಿ, ತೆಲುಗಿನಲ್ಲಿ ಬಸವಪುರಾಣವನ್ನು ರಚಿಸಿದ ಪಾಲ್ಕುರಿಕೆ ಸೋಮನಾಥನೂ ಒಬ್ಬನು. ಅಂದರೆ ನಮ್ಮ ಕಲ್ಯಾಣದ ಬಸವಣ್ಣನ ಪುರಾಣವೇ ತೆಲುಗು ಜನಜೀವನಕ್ಕೆ ಆಧಾರವಾಯಿತು. ಅಂಬಿಗರೂ ಮಡಿವಾಳರೂ ಮಾದಾರರೂ ತಂತಮ್ಮ ಬದುಕಿನ ಮಾತಿನಲ್ಲಿಯೇ ನುಡಿದ ವಚನರಾಶಿಯನ್ನು ಪಡೆದ ನಾವು, ಬೀದರ ಕಲಬುರ್ಗಿ ರಾಯಚೂರುಗಳ ಜನಜೀವನವನ್ನು ಇಷ್ಟೇ ಅಕ್ಕರೆಯಿಂದ ಬರೆದುಕೊಳ್ಳಬೇಕೆಂಬ ಆಸೆಯು ಪುಟಪುಟಕ್ಕೂ ಬಲಿಯಿತು. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯು ತೆಲುಗಿನ ಪ್ರಪ್ರಥಮ ಪ್ರಶಸ್ತಿಯನ್ನು ಈ ಕೃತಿಗಿತ್ತಿತು. ಗ್ರಂಥಕರ್ತರು 1953ರಲ್ಲಿಯೇ ತೀರಿಕೊಂಡಿದ್ದರೆಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಸಂಜೆ ಹುಸೇನ್ ಸಾಗರದ ಏರಿಯ ಮೇಲೆ ನಡೆದೆನು. ಕವಿಗಳ, ಅರಸರ ಪ್ರತಿಮೆಗಳ ಸಾಲಿನಲ್ಲಿ ಸುರವರಂ ಇದ್ದಾರೆ. ವಕೀಲಿಯ ಜೊತೆಗೆ ರಂಗಭೂಮಿಯನ್ನೂ ಆಳಿದ ಬಳ್ಳಾರಿ ರಾಘವರೂ ಇದ್ದಾರೆ. ಸುರವರಂ ಅವರ ಹುಟ್ಟುನೆಲದ ಸಮೀಪದ ಆಲಂಪುರದಲ್ಲಿ ನಮ್ಮ ಬಾದಾಮಿ ಚಾಲುಕ್ಯರ ನವಬ್ರಹ್ಮ ದೇವಾಲಯಗಳಿವೆ. ಅವನ್ನು ನೋಡದೆ ಊರಿಗೆ ಮರಳುವುದು ಉಚಿತವಲ್ಲವೆಂದು, ಮರುದಿನ ಬೆಳಗ್ಗೆ ಕರ್ನೂಲಿನ ಕಡೆಗೆ ಹೋಗುವ ರೈಲನ್ನು ಹತ್ತಿದೆನು.