ಮಂಜುಗಡ್ಡೆಯ ಮೇಲೆ ಓಟ

ಬೆಂಗಳೂರಿನವರಿಗೆ ಮಂಜುಗಡ್ಡೆಯೆಂದರೆ ಕಬ್ಬಿನಹಾಲಿನ ಲೋಟದಲ್ಲಿ ತೇಲುವ ಚೂರು. ನಮ್ಮ ಮನೆಯಲ್ಲಿ ಅದು ಅನ್ನ. ನಮ್ಮ ತಂದೆಯವರು ಚಾಮರಾಜಪೇಟೆಯಿಂದ ಕೆ. ಆರ್. ಮಾರುಕಟ್ಟೆಯ ಅಂಗಡಿಗಳಿಗೆ ತಳ್ಳುಗಾಡಿಯಲ್ಲಿ ಐಸ್ ಹಾಕುತ್ತಾರೆ. ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬೆಡೆ ನಾನು ‘ವ್ಯಾಪಾರ’ ಎಂದು ಬರೆದಿದ್ದೆ. ಸುಳ್ಳೇನಲ್ಲ, ಆದರೂ ಅಂದಿನಿಂದ ಒಬ್ಬ ಗೆಳೆಯನನ್ನೂ ಮನೆಗೆ ಕರೆದವನಲ್ಲ. ಇನ್ನು ಮುಚ್ಚಿಡುವಂತಿಲ್ಲ, ಅಚ್ಚಾಗಿಬಿಟ್ಟಿತು!

2025ರ ಆಗಸ್ಟ್ 20ರಿಂದ 23ರವರೆಗೆ ಡೆಹರಾಡೂನಿನ ಹಿಮಾದ್ರಿ ಕ್ರೀಡಾಂಗಣದಲ್ಲಿ ಏಷ್ಯನ್ ಓಪನ್ ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್ ಪಂದ್ಯಗಳು ನಡೆದವು. ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಓಡುವ ಆಟವಿದು. ಒಂದು ಸುತ್ತಿಗೆ 111.12 ಮೀಟರು; 500 ಮೀಟರಿನ ಓಟ ನಾಲ್ಕೂವರೆ ಸುತ್ತಿನಲ್ಲಿ ಮುಗಿದೇ ಹೋಗುತ್ತದೆ. 1992ರಿಂದ ಇದು ಒಲಿಂಪಿಕ್ಸಿನಲ್ಲೂ ಉಂಟು. ಈ ಓಟದ ತುಣುಕುಗಳನ್ನು ಒಂದು ರಾತ್ರಿ ಮೊಬೈಲಿನಲ್ಲಿ ನೋಡುತ್ತ ಕುಳಿತಿದ್ದಾಗ ತಂದೆಯವರೂ ಬಂದು ಪಕ್ಕದಲ್ಲಿ ಕುಳಿತರು.

“ಈ ಸೆಕೆಯಲ್ಲಿ ಅದು ಹೇಗಪ್ಪ ಕರಗದೆ ಇರುತ್ತೆ?” ಎಂದು ಕೇಳಿದವನು ನಾನು, ಬಿ. ಎ. ಅಂತಿಮ ವರ್ಷದವನು.

“ನೆಲದಡಿ ಪೈಪ್ ಹಾಕಿರ್ತಾರೆ ಕಣೋ. ನಮ್ಮ ಫ್ಯಾಕ್ಟರೀಲಿ ನೀರಿನ ಡಬ್ಬನ ತಣ್ಣಗಿನ ಉಪ್ಪುನೀರಲ್ಲಿ ಮುಳುಗಿಸ್ತಾರೆ. ಉಪ್ಪುನೀರು ಬೇಗ ಗಟ್ಟಿಯಾಗಲ್ಲ, ಒಳಗಿನ ನೀರು ಗಟ್ಟಿಯಾಗುತ್ತೆ. ಇಲ್ಲಿ ಅಂಥದನ್ನೇ ಪೈಪಲ್ಲಿ ಓಡಿಸ್ತಿರಬೇಕು” ಎಂದರು, ತಮ್ಮ ಹೆಸರನ್ನು ಕಷ್ಟಪಟ್ಟು ಬರೆಯುವ ನಮ್ಮ ತಂದೆ. ಮರುದಿನ ಪುಸ್ತಕ ತೆಗೆದು ನೋಡಿದೆ. ಅಕ್ಷರಶಃ ನಿಜ! ಕೆಲವೆಡೆ ಉಪ್ಪುನೀರಿನ ಬದಲು ಗ್ಲೈಕಾಲ್ ಬೆರೆಸಿದ ನೀರು, ಅಷ್ಟೆ.

ಎರಡು ಓಟಗಳ ನಡುವೆ ಸಿಬ್ಬಂದಿಯವರು ತಿರುವುಗಳಲ್ಲಿ ನೀರು ಸುರಿಯುವುದನ್ನು ಕಂಡು, “ಅಲಗಿನ ಗೀರು ಮುಚ್ತವ್ರೆ” ಎಂದರು. ನಾನು ಅದುವರೆಗೂ ನೆಲ ತೊಳೆಯುತ್ತಿದ್ದಾರೆಂದೇ ತಿಳಿದಿದ್ದೆ. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯ ಒಲಿಂಪಿಕ್ಸಿನಲ್ಲಿ ಮುಂದಿದ್ದ ನಾಲ್ವರೂ ಕೊನೆಯ ತಿರುವಿನಲ್ಲಿ ಉರುಳಿಬಿದ್ದು, ಹಿಂದೆ ಬರುತ್ತಿದ್ದ ಆಸ್ಟ್ರೇಲಿಯದ ಸ್ಟೀವನ್ ಬ್ರಾಡ್‌ಬರಿ ಚಿನ್ನ ಗೆದ್ದ ಕಥೆ ಹೇಳಿದೆ. ಅದೃಷ್ಟವೆಂದು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. “ಐಸಿನ ಮೇಲೆ ಬೀಳದೆ ಬರೋದೂ ಕೆಲಸಾನೇ” ಎಂದರು.

ತಿರುವಿನಲ್ಲಿ ಓಟಗಾರರು ನೆಲಕ್ಕೆ ತಾಗುವಷ್ಟು ಬಾಗಿ ಎಡಗೈಯ ಬೆರಳುಗಳನ್ನು ಮಂಜುಗಡ್ಡೆಗೆ ಸೋಕಿಸುತ್ತ ಸಾಗುತ್ತಾರೆ. ಅದಕ್ಕಾಗಿ ಅವರ ಕೈಗವಸಿನ ಬೆರಳ ತುದಿಗಳಿಗೆ ಗಟ್ಟಿ ಲೇಪವಿರುತ್ತದೆ. ಅದನ್ನು ವಿವರಿಸುತ್ತಿದ್ದಾಗ ತಂದೆಯವರು ಪರದೆ ಬಿಟ್ಟು ತಮ್ಮ ಎಡಗೈಯನ್ನು ನೋಡಿಕೊಂಡರು. ಬಲಗೈಯಲ್ಲಿ ಗರಗಸ ಎಳೆಯುವಾಗ ಗಡ್ಡೆಯನ್ನು ಒತ್ತಿ ಹಿಡಿಯುವ ಕೈ ಅದು. ಅದರ ಎರಡು ಬೆರಳುಗಳಿಗೆ ಬಿಸಿ ಲೋಟವೂ ತಿಳಿಯುವುದಿಲ್ಲವೆಂದು ಅಂದು ಮೊದಲ ಬಾರಿಗೆ ಹೇಳಿದರು. ಇಷ್ಟು ವರ್ಷ ಆ ಕೈಯಿಂದಲೇ ಫೀಜಿನ ಹಣ ತೆಗೆದುಕೊಂಡ ನನಗೆ ಅದು ಗೊತ್ತಿರಲಿಲ್ಲ.

ಚಿಕ್ಕಪೇಟೆಯಲ್ಲೆಲ್ಲ ಅಲೆದು ಒಂದು ಜೊತೆ ದಪ್ಪ ಕೈಗವಸು ತಂದೆ. ಎರಡು ದಿನ ಹಾಕಿಕೊಂಡರು. ಮೂರನೆಯ ದಿನ ಬೆಳಗಿನ ನಾಲ್ಕು ಗಂಟೆಗೆ ನಾನೂ ಗಾಡಿಯ ಹಿಂದೆ ಹೊರಟಾಗ ಅದನ್ನು ನನ್ನ ಕೈಗೇ ಕೊಟ್ಟು, “ಇದರಲ್ಲಿ ಗಡ್ಡೆ ಜಾರುತ್ತೆ, ನೀನು ಹಾಕ್ಕೋ. ನಿನ್ನ ಕೈ ಇನ್ನೂ ಎಳೇದು” ಎಂದರು.