ಅಕ್ಕನ ಮಗಳ ಫೋನು

ಗೆಳೆಯರೇ, ಇದನ್ನ ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಯಾಕಂದ್ರೆ ಇದರಲ್ಲಿ ಮೊದಲ ತಪ್ಪು ನನ್ನದೇ.

ನಮ್ಮಕ್ಕನ ಮಗಳು ಪಾವಗಡ ತಾಲ್ಲೂಕಿನ ಹುಡುಗಿ. ಮನೇಲಿ ತೆಲುಗು, ಶಾಲೇಲಿ ಕನ್ನಡ. ಈಗ ಓದ್ತಿರೋದು ಜಿಎನ್‌ಎಂ ನರ್ಸಿಂಗ್, ಪುಸ್ತಕ ಎಲ್ಲಾ ಇಂಗ್ಲಿಷು. ಅಕ್ಕ ಕೂಲಿಗೆ ಹೋಗ್ತಾಳೆ. ನಾನು ಮಧುಗಿರಿಯಲ್ಲಿ ಗುಮಾಸ್ತ. ಕಂತು ಕಟ್ಟಿ ಅವಳಿಗೊಂದು ಫೋನು ಕೊಡಿಸಿದ್ದೆ.

ಹೋದ ತಿಂಗಳು ಅವಳ ಹಾಸ್ಟೆಲಿಂದ ಕರೆ ಬಂತು. ಯಾವ ಊರು, ಯಾವ ಕಾಲೇಜು ಅಂತ ಹೇಳಲ್ಲ, ಹುಡುಗಿ ಇನ್ನೂ ಅಲ್ಲೇ ಓದಬೇಕು. "ರಾತ್ರಿ ಹನ್ನೊಂದು ಗಂಟೆಗೆ ಹೊದಿಕೆ ಒಳಗೆ ಇಯರ್‌ಫೋನ್ ಹಾಕ್ಕೊಂಡು ಸಿಕ್ಕಿಬಿದ್ದಿದ್ದಾಳೆ. ಫೋನ್ ಕಿತ್ತಿಟ್ಟಿದ್ದೀವಿ. ಬಂದು ಬರೆದುಕೊಟ್ಟು ಹೋಗಿ."

1897ರ ಪ್ಲೇಗಿನಲ್ಲಿ ರೋಗಿಗಳ ಆರೈಕೆ ಮಾಡ್ತಲೇ ಪ್ರಾಣ ಬಿಟ್ಟ ಸಾವಿತ್ರಿಬಾಯಿ ಫುಲೆ ಬಗ್ಗೆ ವೇದಿಕೆ ಮೇಲೆ ಗಂಟೆಗಟ್ಟಲೆ ಮಾತಾಡೋನು ನಾನು. ಅವತ್ತು ಆ ಹುಡುಗಿಯನ್ನ ಏನಾಯ್ತವ್ವಾ ಅಂತ ಒಂದು ಮಾತು ಕೇಳಲಿಲ್ಲ. ಎಲ್ಲರ ಎದುರೇ, "ಯಾರ ಜೊತೆ ಮಾತಾಡ್ತಿದ್ದೆ ಹೇಳು" ಅಂತ ಗದರಿಸಿದೆ. ತಲೆ ತಗ್ಗಿಸಿ, "ಮಾವ, ಫೋನ್ ಈಸ್ಕೊಂಡು ನೀವೇ ನೋಡಿ" ಅಂದ್ಲು.

ವಾರ್ಡನ್ ಎದುರಲ್ಲೇ ಆನ್ ಮಾಡಿಸಿ ನೋಡಿದೆ. ಅದರಲ್ಲಿದ್ದದ್ದು ಬಿಪಿ ನೋಡೋದು ಹೇಗೆ ಅನ್ನೋ ವಿಡಿಯೊ. ಪಟ್ಟಿಯ ಗಾಳಿ ನಿಧಾನಕ್ಕೆ ಬಿಡುವಾಗ ಮೊದಲು ಟಕ್ ಅಂತ ಕೇಳಿದ್ದು ಮೇಲಿನ ಅಂಕಿ, ಸದ್ದು ನಿಂತದ್ದು ಕೆಳಗಿನ ಅಂಕಿ. ಕಿವಿಯೇ ಕಲೀಬೇಕಾದ ಪಾಠ, ಅದಕ್ಕೇ ಇಯರ್‌ಫೋನು. ವಾರ್ಡಲ್ಲಿ ಅಷ್ಟು ಹುಡುಗಿಯರ ನಡುವೆ ಇವಳ ಸರದಿ ಬರೋದೇ ಅಪರೂಪ, ತಪ್ಪಿದರೆ ಬೈಗುಳ. ಫೋನಲ್ಲಾದರೆ ನೂರು ಸಲ ಕೇಳಬಹುದು, ಯಾರೂ ನಗಲ್ಲ.

ಇನ್ನೊಂದು ಕಡೆ ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ. ಎಡಿಮಾ ಅಂದ್ರೆ ಊತ. ಆಮೇಲೆ ಡ್ರಿಪ್ ಲೆಕ್ಕ: 500 ಎಂಎಲ್, 4 ಗಂಟೆ, ಎಂಎಲ್‌ಗೆ 20 ಹನಿ ಆದರೆ ನಿಮಿಷಕ್ಕೆ ಸುಮಾರು 42 ಹನಿ. ಈ ಲೆಕ್ಕ ತಪ್ಪಿದರೆ ಅನುಭವಿಸೋದು ರೋಗಿ.

ಇಷ್ಟು ತೋರಿಸಿದ ಮೇಲೂ ಅಲ್ಲಿದ್ದ ಒಬ್ಬರು ಅಂದರು: "ನಿಮ್ಮವರಿಗೆ ಸೀಟು, ಸ್ಕಾಲರ್‌ಶಿಪ್ಪು ಎಲ್ಲಾ ಸಿಗುತ್ತೆ. ಇನ್ನು ಫೋನು ಬೇರೆ ಬೇಕಾ?" ನೋಟ್ಸ್ ಬರೋದು ಅವರದೇ ವಾಟ್ಸಾಪ್ ಗ್ರೂಪಿಗೆ! ನಿಯಮ ಎಲ್ಲರಿಗೂ ಒಂದೇ ಅಂತಾರೆ. ಪೇಟೆ ಮನೆಯಿಂದ ಬರೋರಿಗೆ ರಾತ್ರಿ ಮನೇಲಿ ಲ್ಯಾಪ್‌ಟಾಪ್, ವೈಫೈ ಇರುತ್ತೆ. ಏಟು ಬೀಳೋದು ಪಾವಗಡ, ಶಿರಾ, ಕೊರಟಗೆರೆ ಹಳ್ಳಿಗಳಿಂದ ಬಂದು ಹಾಸ್ಟೆಲಲ್ಲಿರೋ ನಮ್ಮ ಮಕ್ಕಳಿಗೆ.

2019ರ ಸೆಪ್ಟೆಂಬರಲ್ಲಿ ಕೇರಳ ಹೈಕೋರ್ಟ್ ಕೊಟ್ಟ ಫಹೀಮಾ ಶಿರಿನ್ ತೀರ್ಪನ್ನ ಎಲ್ಲರೂ ಓದಬೇಕು. ಹಾಸ್ಟೆಲಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಫೋನ್ ಕೊಡಬೇಕು ಅನ್ನೋ ನಿಯಮ ಒಪ್ಪದ ವಿದ್ಯಾರ್ಥಿನಿಯನ್ನ ಹೊರಗೆ ಹಾಕಿದ್ದರು. ಇಂಟರ್ನೆಟ್ ಬಳಸೋದು ಶಿಕ್ಷಣದ ಹಕ್ಕಿನ, 21ನೇ ವಿಧಿಯ ಖಾಸಗಿತನದ ಹಕ್ಕಿನ ಭಾಗ ಅಂತ ಹೇಳಿ, ವಾಪಸ್ ಸೇರಿಸಿಕೊಳ್ಳಿ ಅಂತ ಕೋರ್ಟ್ ಆದೇಶ ಮಾಡ್ತು. ಅದು ಪಕ್ಕದ ರಾಜ್ಯದ ತೀರ್ಪೇ ಇರಬಹುದು. ಸಂವಿಧಾನ ಒಂದೇ ತಾನೆ?

ನಿಯಮವೇ ಬೇಡ ಅಂತ ನಾನು ಹೇಳ್ತಿಲ್ಲ. ರೋಗಿಯ ಫೋಟೊ ತೆಗೆಯೋದು ತಪ್ಪು. ವಾರ್ಡಿಗೆ ಒಯ್ಯೋ ಫೋನಿಂದ ಸೋಂಕೂ ಹರಡುತ್ತೆ, ಒರೆಸಿ ಇಟ್ಕೋಬೇಕು. ಅದನ್ನೂ ಪಾಠದ ಥರ ಕಲಿಸಿ. ಓದೋಕೆ ಹೊತ್ತು ಗೊತ್ತು ಮಾಡಿ, ನಿಯಮ ಬರಹದಲ್ಲಿ ಕೊಡಿ. ಕಿತ್ಕೊಂಡು ಅವಮಾನ ಮಾಡಬೇಡಿ.

ಇದನ್ನೇ ಅರ್ಜಿ ಬರೆದುಕೊಟ್ಟೆ. ಒಂಬತ್ತು ದಿನ ಆದ ಮೇಲೆ ಫೋನು ವಾಪಸ್ ಬಂತು. ನಾನೂ ಅವಳ ಹತ್ರ ತಪ್ಪಾಯ್ತು ಕಣವ್ವಾ ಅಂದೆ. "ಬಿಡಿ ಮಾವ" ಅಂದ್ಲು. ಆದರೆ ಮೊದಲಿನ ಹಾಗೆ ಮುಖ ಕೊಟ್ಟು ಮಾತಾಡಲಿಲ್ಲ.

ನಿಮ್ಮ ಮನೆ ಹೆಣ್ಣುಮಗಳು ರಾತ್ರಿ ಫೋನ್ ಹಿಡಿದು ಕೂತಿದ್ದರೆ ಬೈಯೋಕೆ ಮುಂಚೆ ಪಕ್ಕ ಕೂತು ಕೇಳಿ, ಏನು ಓದ್ತಿದ್ದೀಯ ಅಂತ.

ಜೈ ಭೀಮ್.