ನಾಯಿಗೂ ಒಂದು ಎಲೆ

ಪಿತೃಪಕ್ಷದ ದಿನಗಳಲ್ಲಿ ದಾಬಸ್‌ಪೇಟೆ–ದೊಡ್ಡಬಳ್ಳಾಪುರ ರಸ್ತೆಯಲ್ಲಿ ಸಾಗುವ ಬೆಂಗಳೂರಿನ ಕಾರುಗಳ ಕಿಟಕಿಯಿಂದ ಈಚೆಗೆ ಎರಡು ಬಗೆಯ ಮುಖಗಳು ಹೊರಗೆ ಇಣುಕುತ್ತವೆ. ಒಂದು, ವಾಂತಿ ಬರುತ್ತೆ ಅಂತ ಹಟ ಹಿಡಿದ ಮಗುವಿನದು. ಇನ್ನೊಂದು, ನಾಲಿಗೆ ಚಾಚಿ ಗಾಳಿ ಕುಡಿಯುವ ನಾಯಿಯದು. ಹಿರಿಯರಿಗೆ ಎಡೆ ಇಡುವ ದಿನ ದೊಡ್ಡಬೆಳವಂಗಲದ ಮನೆಗಳಲ್ಲಿ ದಾಯಾದಿಗಳೆಲ್ಲ ಸೇರುವುದು ಹಳೆಯ ರೂಢಿ. ನಾಯಿಯೂ ನೆಂಟರ ಪಟ್ಟಿಗೆ ಸೇರಿದ್ದು ಹೊಸದು.

“ಒಬ್ಬನ್ನೇ ಬಿಟ್ಟು ಬಂದ್ರೆ ಊಟ ಬಿಡ್ತಾನೆ ದೊಡ್ಡಪ್ಪ” ಅಂದ ನನ್ನ ತಮ್ಮನ ಮಗ, ಕಾರಿನಿಂದ ಬ್ರೂನೊ ಎಂಬ ಲ್ಯಾಬ್ರಡಾರನ್ನು ಇಳಿಸುತ್ತಾ. ಜಗಲಿಯ ಮೇಲಿದ್ದ ನಮ್ಮ ಸೋದರತ್ತೆ ಸುಮ್ಮನಿರುವ ಪೈಕಿಯಲ್ಲ. “ನಿಮ್ಮಪ್ಪನ್ನ ಇಲ್ಲೇ ಬುಟ್ಟು ಬೆಂಗಳೂರಿಗೆ ಹೋದಲ್ಲ, ಅವನು ಊಟ ಬುಟ್ಟಿದ್ನಾ ಅಂತ ಯಾವತ್ತಾದ್ರೂ ಕೇಳಿದ್ಯೇನ್ಲಾ?”

ಕಾರಿಲ್ಲದವರೂ ನಾಯಿ ತರಬಹುದು, ಅದಕ್ಕೆ ಕಾನೂನಿದೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೊದಲು ನಾಯಿಗೆ ಪೂರ್ತಿ ಟಿಕೆಟ್ ಇತ್ತು. 2022ರಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು. ಅಲ್ಲಿಯವರೆಗೆ ದೊಡ್ಡವರ ಲೆಕ್ಕದಲ್ಲಿದ್ದ ನಾಯಿ ಒಂದೇ ಆದೇಶದಲ್ಲಿ ಮಕ್ಕಳ ಲೆಕ್ಕಕ್ಕೆ ಬಂತು. ಮರುವರ್ಷ, 2023ರ ಜೂನ್‌ನಲ್ಲಿ, ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ಟಿಗೆ ಕಾಸೇ ಬೇಡವಾಯಿತು. “ಹಂಗಾರೆ ಹೆಣ್ಣುನಾಯಿಗೂ ಬಿಟ್ಟಿನಾ?” ಎಂಬ ಅತ್ತೆಯ ಪ್ರಶ್ನೆಗೆ ಯಾವ ಕಂಡಕ್ಟರೂ ಈವರೆಗೆ ನೆಟ್ಟಗೆ ಉತ್ತರ ಕೊಟ್ಟಿಲ್ಲ.

ನಮ್ಮ ಬೀದಿಗೂ ಒಂದು ನಾಯಿ ಇದೆ, ಕರಿಯ. ಯಾರ ಮನೆಯದೂ ಅಲ್ಲ, ಎಲ್ಲರ ಮನೆಯದೂ ಹೌದು. ಬ್ರೂನೊ ಕಾರಿನಿಂದ ಇಳಿದದ್ದೇ ತಡ, ಕರಿಯ ನಾಲ್ಕು ಮನೆಯ ಸ್ನೇಹಿತರನ್ನು ಕರೆದುಕೊಂಡು ಬಂದು ಅರ್ಧ ಗಂಟೆ ಬೊಗಳಿದ. ಬ್ರೂನೊ ತಮ್ಮನ ಮಗನ ಕಾಲ ಸಂದಿಗೆ ಸೇರಿ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಒಂದರ ಹಿಂಭಾಗ ಇನ್ನೊಂದು ಮೂಸಿ ವಿಚಾರಣೆ ಮುಗಿಸಿದವು. ಮನುಷ್ಯರಾದರೆ ಯಾರ ಮಗ, ಯಾವ ಕಡೆಯವರು, ಸಂಬಳ ಎಷ್ಟು ಅಂತ ಕೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿರುತ್ತದೆ.

ಕಷ್ಟ ಶುರುವಾದದ್ದು ಅಡುಗೆಮನೆ ಬಾಗಿಲಲ್ಲಿ. ಅತ್ತೆ ಒಂದು ತುತ್ತು ಮುದ್ದೆಯನ್ನು ಸಾರಿನಲ್ಲಿ ಅದ್ದಿ ಕೊಡಹೋದರೆ ಹುಡುಗ ಅಡ್ಡ ಬಂದ. ಈರುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತದಂತೆ. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದಂತೆ. ದ್ರಾಕ್ಷಿಯಿಂದ ಕಿಡ್ನಿಯೇ ಕೆಡಬಹುದಂತೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯವರ ಮುಂದೆ, ಬೆಂಗಳೂರು ಬ್ಲೂ ಚಪ್ಪರದ ನೆರಳಲ್ಲೇ ಬೆಳೆದವರ ಮುಂದೆ, ಹೇಳುವ ಮಾತೇ ಇದು? ಆದರೆ ಹುಡುಗ ಸುಳ್ಳಾಡಲಿಲ್ಲ. ದ್ರಾಕ್ಷಿ ನಾಯಿಗೆ ಯಾಕೆ ವಿಷ ಎಂಬುದು ಬಹಳ ಕಾಲ ಒಗಟಾಗಿತ್ತು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಅಂತ 2021ರಲ್ಲಿ ಅಮೆರಿಕದ ಪಶುವೈದ್ಯರು ಗುಮಾನಿಪಟ್ಟರು. ಅದೇ ಆಮ್ಲ ಹುಣಿಸೆಹಣ್ಣಿನಲ್ಲೂ ಧಾರಾಳ. ಅಲ್ಲಿಗೆ ನಮ್ಮ ಸಾರೂ ಬಂದ್.

“ಈರುಳ್ಳಿ ಬ್ಯಾಡ, ಹುಣಿಸೆ ಬ್ಯಾಡ, ದ್ರಾಕ್ಷಿ ಬ್ಯಾಡ, ಮೂಳೇನೂ ಬ್ಯಾಡ! ಇದ್ಯಾವ ಮಠದ ಸ್ವಾಮ್ಗಳಪ್ಪಾ?” ಅಂದಳು ಅತ್ತೆ. ಬರಿ ಮುದ್ದೆಗೆ ಮೊಸರು ಹಚ್ಚಿ ಕೊಟ್ಟದ್ದನ್ನು ಬ್ರೂನೊ ನುಂಗಿ, ತಟ್ಟೆಯನ್ನು ಹಿತ್ತಿಲವರೆಗೆ ನೆಕ್ಕಿಕೊಂಡೇ ತಳ್ಳಿಕೊಂಡು ಹೋದ. ಕರಿಯ ಇದನ್ನೆಲ್ಲ ತಿಂದೂ ಗಟ್ಟಿಯಾಗಿಲ್ಲವೆ ಅಂತ ವಾದ ಮಾಡಬಹುದು. ಕರಿಯನಿಗಿಂತ ಮುಂಚೆ ಇದ್ದ ಕರಿಯಂದಿರು ಎಷ್ಟು ವರ್ಷ ಬಾಳಿದರು ಅಂತ ಯಾರೂ ಲೆಕ್ಕ ಇಟ್ಟಿಲ್ಲ, ಅಷ್ಟೆ.

ಇನ್ನು ಜಗಲಿಯ ಸಮಾಚಾರ. ಗಂಡಸರು ನಾಲ್ಕು ಜನ ಸೇರಿದರೆ ನಮ್ಮ ಕಡೆ ಮಾತು ಮೂರನೆಯ ನಿಮಿಷಕ್ಕೆ ಜಮೀನಿಗೆ ಬರುತ್ತದೆ. ಹೆದ್ದಾರಿ ಅಗಲವಾಯಿತು, ಎಕರೆ ಬೆಲೆ ಕೋಟಿಯ ಮಾತಾಡುತ್ತದೆ, ಪೌತಿ ಖಾತೆ ಆಗಿಲ್ಲ, ಪೋಡಿ ಆಗಿಲ್ಲ, ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇದೆ. ಪ್ರತಿ ವರ್ಷ ತಾತನಿಗೆ ಎಡೆ ಇಡುವ ಹೊತ್ತಿಗೆ ಸರಿಯಾಗಿ ತಾತನ ಜಮೀನಿನ ಜಗಳ ಕಾಯ್ದಿರುತ್ತದೆ. ನನ್ನ ಇಬ್ಬರು ಚಿಕ್ಕಪ್ಪಂದಿರು ಬದುವಿನ ವಿಷಯಕ್ಕೆ ಮಾತು ಬಿಟ್ಟವರು. ಒಂದೇ ಜಗಲಿಯ ಎರಡು ತುದಿಗೆ ಕೂರುವುದು ಅವರ ಪದ್ಧತಿ. ಬ್ರೂನೊ ಹೋಗಿ ದೊಡ್ಡವರ ತೊಡೆಯ ಮೇಲೆ ತಲೆಯಿಟ್ಟ. “ಎಷ್ಟು ವರ್ಷ ಬದುಕ್ತವಂತೆ ಇವು?” ಅಂತ ಅವರು ಕಂಬವನ್ನು ಕೇಳಿದರು. “ಹತ್ತು ಹನ್ನೆರಡು ಅಂತಾರೆ” ಅಂತ ಚಿಕ್ಕವರು ಸೂರಿಗೆ ಹೇಳಿದರು. ಕೋರ್ಟಿನ ಮೆಟ್ಟಿಲಲ್ಲಿ ಆಗದ ಸಂಭಾಷಣೆ ಇದು.

ಆಮೇಲೆ ಎಡೆ. ತಾತನ ಫೋಟೊ ಮುಂದೆ ಬಾಳೆಲೆ, ಹೊಸ ಪಂಚೆ, ಕಜ್ಜಾಯ, ವಡೆ, ಮುದ್ದೆ, ಮಾಂಸದ ಸಾರು, ಬೀಡಿ ಕಟ್ಟು. ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಂತೆವು. ಒಳಗಿಂದ ಚಪ್ಪರಿಸುವ ಸದ್ದು ಬಂತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಚಿಕ್ಕ ಸೊಸೆ ಕೈ ಮುಗಿದೇಬಿಟ್ಟಳು. ತಮ್ಮನ ಮಗ ಮಾತ್ರ ಹಿಂದೆ ಮುಂದೆ ನೋಡಿ “ಬ್ರೂನೊ ಎಲ್ಲಿ?” ಅಂದ. ಬಾಗಿಲು ತೆಗೆದರೆ ಮಾಂಸ ಮಾಯ, ವಡೆ ಮಾಯ, ಬೀಡಿ ಹಾಗೇ ಇತ್ತು. ಹುಡುಗ ಡಾಕ್ಟರಿಗೆ ಫೋನು ಹಚ್ಚಿದ. ಅತ್ತೆ ತೀರ್ಪು ಕೊಟ್ಟಳು: “ಅಪ್ಪಯ್ಯಂಗೆ ನಾಯಿ ಅಂದ್ರೆ ಪ್ರಾಣ. ಅವನೇ ಕರ್ದು ಹಾಕಿರ್ತಾನೆ, ಬುಡ್ರಿ.”

ಅತ್ತೆಯ ತೀರ್ಪಿಗೆ ಶಾಸನದ ಆಧಾರವೂ ಉಂಟು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949–50ರ ವೀರಗಲ್ಲೊಂದಿತ್ತು, ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗ ತನ್ನ ಬಂಟ ಮಣಲೆರನಿಗೆ ಮೆಚ್ಚಿ ಬೇಕಾದ್ದು ಕೇಳು ಅಂದಾಗ, ಅವನು ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು. ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಅದಕ್ಕೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಅಲ್ಲಿಯ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೇ ಅಂತ ಬರೆಸಿದರು. ನಾಯಿಗೆ ಮೊದಲು, ಮನುಷ್ಯನಿಗೆ ಆಮೇಲೆ! ಬ್ರೂನೊ ಆ ಶಾಸನವನ್ನೇನೂ ಮೀರಲಿಲ್ಲ.

ಆದರೂ ತರುವವರಿಗೆ ಎರಡು ಮಾತು. ಜನ ಜಾಸ್ತಿಯಾದಾಗ ಸರಪಳಿ ಇರಲಿ, ಮಕ್ಕಳು ಅದರ ಬಾಲ ಎಳೆಯದಂತೆ ಒಬ್ಬರು ನೋಡಿಕೊಳ್ಳಲಿ. ರೇಬೀಸ್ ಚುಚ್ಚುಮದ್ದು ಬಾಕಿ ಇರಬಾರದು; ಸಾಧ್ಯವಾದರೆ ಊರಿನ ಕರಿಯನಿಗೂ ಒಂದು ಹಾಕಿಸಿ. ಆ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ತೀರಿಕೊಂಡದ್ದು 1895ರ ಸೆಪ್ಟೆಂಬರ್ 28ರಂದು, ನಮ್ಮ ಪಿತೃಪಕ್ಷದ ಆಸುಪಾಸಿನಲ್ಲೇ. ನಾಯಿ ಸಾಕುವ ಮನೆಯವರು ಆತನಿಗೂ ಒಂದು ಎಲೆ ಹಾಕಿದರೆ ತಪ್ಪಿಲ್ಲ.

ಸಂಜೆ ಕಾರು ಹೊರಟಾಗ ಚಿಕ್ಕಪ್ಪಂದಿರಿಬ್ಬರೂ ಬೀದಿಗೆ ಬಂದು, ಮುಂದಿನ ವರ್ಷವೂ ಇವನನ್ನು ತಪ್ಪದೆ ತನ್ನಿ ಅಂದರು. ಅನ್ನದೆ ಏನು ಮಾಡಿಯಾರು? ಅಷ್ಟು ಜನ ನೆಂಟರಲ್ಲಿ ಸಿಕ್ಕಷ್ಟು ಉಂಡು, ಪಾಲು ಕೇಳದೆ ಹೊರಟವನು ಅವನೊಬ್ಬನೇ.